14 ಕಿಲೋಮೀಟರ್, ನಾಲ್ಕು ಬಾಡಿಗೆ: ಕೊಡಬೇಕಾದದ್ದು ಎಷ್ಟು?

ಪ್ರಶ್ನೆ: ನಾವು ಶಿವಮೊಗ್ಗದವರು. ತಾಯಿಯ ಚಿಕಿತ್ಸೆಗಾಗಿ ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಬರುತ್ತೇವೆ. ಯಶವಂತಪುರದಲ್ಲಿ ರೈಲು ಇಳಿದು ಜಯನಗರದ ಆಸ್ಪತ್ರೆಗೆ ಮೊಬೈಲ್ ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಸಿಕೊಳ್ಳುತ್ತೇವೆ. ದೂರ ಸುಮಾರು 14 ಕಿಲೋಮೀಟರ್. ಮೊದಲ ಸಲ 310 ರೂಪಾಯಿ ಆಯಿತು. ಎರಡನೆಯ ಸಲ ಗಾಲಿಕುರ್ಚಿ ಹಿಡಿಸಲೆಂದು ದೊಡ್ಡ ಕಾರು ತರಿಸಿದೆವು, 455 ಆಯಿತು. ಮೂರನೆಯ ಸಲ ಹತ್ತುವಾಗ 365 ಎಂದು ತೋರಿಸಿ ಇಳಿಯುವಾಗ 433 ಕೇಳಿದರು. ಹೋದ ಸಲ ಸಂಜೆ ಮಳೆಯಲ್ಲಿ ಸಣ್ಣ ಕಾರಿಗೇ 628 ಕೊಟ್ಟೆವು. ಪಕ್ಕದಲ್ಲೇ ನಿಂತಿದ್ದ ತಂಗಿಯ ಮೊಬೈಲಿನಲ್ಲಿ ಅದೇ ಕಾರಿಗೆ 40 ರೂಪಾಯಿ ಕಡಿಮೆ ತೋರಿಸುತ್ತಿತ್ತು. ಸರ್ಕಾರ ದರ ನಿಗದಿ ಮಾಡಿದೆ ಎನ್ನುತ್ತಾರೆ. ಹಾಗಿದ್ದರೆ ಇದೇಕೆ ಹೀಗೆ? ನಾವು ನಿಜವಾಗಿ ಎಷ್ಟು ಕೊಡಬೇಕು? ನಾಲ್ಕೂ ಬಿಲ್ಲುಗಳ ಚಿತ್ರ ಕಳುಹಿಸಿದ್ದೇನೆ.

ಉತ್ತರ: ಬಿಲ್ಲುಗಳನ್ನು ಅಳಿಸದೆ ಇಟ್ಟುಕೊಂಡದ್ದು ನೀವು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಸಾರಿಗೆ ಇಲಾಖೆಯಲ್ಲಿದ್ದಷ್ಟು ಕಾಲ ಬಾಡಿಗೆಯ ದೂರುಗಳನ್ನು ನೋಡಿದ್ದೇನೆ. ನೂರರಲ್ಲಿ ತೊಂಬತ್ತು ದೂರುಗಳು ದಾಖಲೆಯಿಲ್ಲದೆ ಬಿದ್ದುಹೋಗುತ್ತಿದ್ದವು. ನಿಮ್ಮ ನಾಲ್ಕೂ ಬಿಲ್ಲುಗಳನ್ನು ಸಾಲು ಸಾಲಾಗಿ ಓದಿದೆ. ದುಬಾರಿಯಾಯಿತೆಂದು ನಿಮಗೆ ಅನಿಸಿರುವ 455 ರೂಪಾಯಿ ನ್ಯಾಯವಾದ ಬಾಡಿಗೆ. 433ರಲ್ಲಿ ಲೆಕ್ಕ ಸರಿಯಿದೆ, ವಿಚಾರಿಸಬೇಕಾದದ್ದು ಕಾರು ಓಡಿದ ದಾರಿಯನ್ನು. 310 ಸರ್ಕಾರಿ ದರಕ್ಕಿಂತ ಕಡಿಮೆ. 628 ಮಾತ್ರ ನಿಮ್ಮಿಂದ ತೆಗೆದುಕೊಳ್ಳಬಾರದಿದ್ದ ಹಣ, ಅದನ್ನು ಬಿಡಬೇಡಿ.

ಇದನ್ನು ನಾನು ಹೇಗೆ ಹೇಳುತ್ತಿದ್ದೇನೆಂದು ತಿಳಿಸುತ್ತೇನೆ. ಲೆಕ್ಕ ಕಲಿತರೆ ಮುಂದಿನ ಸಲ ಕಾರು ಹತ್ತುವ ಮೊದಲೇ ನಿಮಗೆ ಗೊತ್ತಾಗುತ್ತದೆ.

ಟ್ಯಾಕ್ಸಿ, ಆಟೋಗಳ ಬಾಡಿಗೆ ನಿಗದಿ ಮಾಡುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಕರ್ನಾಟಕದಲ್ಲಿ ಮೊದಲು ಸಿಟಿ ಟ್ಯಾಕ್ಸಿಗಳಿಗೆ ಒಂದು, ಆ್ಯಪ್ ಟ್ಯಾಕ್ಸಿಗಳಿಗೆ ಇನ್ನೊಂದು ಎಂಬಂತೆ ದರಗಳು ಬೇರೆಬೇರೆ ಇದ್ದವು. 'ಒಂದು ನಗರ, ಒಂದು ದರ' ಬೇಕೆಂದು ಚಾಲಕರ ಸಂಘಗಳು ವರ್ಷಗಟ್ಟಲೆ ಕೇಳಿದ ಮೇಲೆ, 2024ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಇಡೀ ರಾಜ್ಯಕ್ಕೆ ಏಕರೂಪ ದರವನ್ನು ಪ್ರಕಟಿಸಿತು. ವಾಹನದ ಬೆಲೆಯ ಮೇಲೆ ಮೂರು ಗುಂಪು ಮಾಡಿತು. 10 ಲಕ್ಷ ರೂಪಾಯಿವರೆಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 24. 10ರಿಂದ 15 ಲಕ್ಷದ ಕಾರಿಗೆ 115 ಮತ್ತು 28. 15 ಲಕ್ಷ ಮೀರಿದ ಕಾರಿಗೆ 130 ಮತ್ತು 32. ಕಾಯಿಸಿದರೆ ಮೊದಲ 5 ನಿಮಿಷ ಉಚಿತ, ಅನಂತರ ನಿಮಿಷಕ್ಕೆ ಒಂದು ರೂಪಾಯಿ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ 10 ಹೆಚ್ಚು. ಸಾಮಾನು 120 ಕೆಜಿವರೆಗೆ ಉಚಿತ, ಹಾಗಾಗಿ ನಿಮ್ಮ ತಾಯಿಯ ಗಾಲಿಕುರ್ಚಿಗೆ ಯಾರಾದರೂ ಲಗೇಜು ಹಣ ಕೇಳಿದರೆ ಕೊಡಬೇಕಾಗಿಲ್ಲ. ಆ್ಯಪ್ ಕಂಪನಿಗಳು ಇದರ ಮೇಲೆ ಶೇ 5 ಜಿಎಸ್‌ಟಿ ಮತ್ತು ದಾರಿಯಲ್ಲಿ ಟೋಲ್ ಇದ್ದರೆ ಅದನ್ನು ಸೇರಿಸಬಹುದು.

ಈ ಅಂಕಿಗಳನ್ನೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟ. ಬಾಯಿಲೆಕ್ಕಕ್ಕೆ ನಾನು ಬಳಸುವ ಸುಲಭ ದಾರಿಯೊಂದಿದೆ. ಸಣ್ಣ ಕಾರಾದರೆ ಕಿಲೋಮೀಟರನ್ನು 24ರಿಂದ ಗುಣಿಸಿ 4 ಕೂಡಿಸಿ. ಮಧ್ಯಮ ಕಾರಾದರೆ 28ರಿಂದ ಗುಣಿಸಿ 3 ಕೂಡಿಸಿ. ದೊಡ್ಡ ಕಾರಾದರೆ 32ರಿಂದ ಗುಣಿಸಿ 2 ಕೂಡಿಸಿ. ನಾಲ್ಕು ಕಿಲೋಮೀಟರ್ ದಾಟಿದ ಯಾವ ಪ್ರಯಾಣಕ್ಕೂ ಇದು ಒಂದು ರೂಪಾಯಿಯೂ ತಪ್ಪದೆ ಸರಿಹೋಗುತ್ತದೆ, ಏಕೆಂದರೆ 100ರಲ್ಲಿ ನಾಲ್ಕು ಇಪ್ಪತ್ನಾಲ್ಕು ಕಳೆದರೆ ಉಳಿಯುವುದು 4, 115ರಲ್ಲಿ ನಾಲ್ಕು ಇಪ್ಪತ್ತೆಂಟು ಕಳೆದರೆ 3, 130ರಲ್ಲಿ ನಾಲ್ಕು ಮೂವತ್ತೆರಡು ಕಳೆದರೆ 2. ಕೊನೆಗೆ ಬಂದ ಮೊತ್ತದ ಪ್ರತಿ ನೂರಕ್ಕೆ 5 ರೂಪಾಯಿ ತೆರಿಗೆ ಸೇರಿಸಿ.

ಈಗ ನಿಮ್ಮ ಬಿಲ್ಲುಗಳಿಗೆ ಬರೋಣ. 14 ಕಿಲೋಮೀಟರಿಗೆ ಸಣ್ಣ ಕಾರಿನ ಬಾಡಿಗೆ 340, ತೆರಿಗೆ ಸೇರಿ 357. ಇದೇ ನಿಮ್ಮ ಅಳತೆಗೋಲು. ದೊಡ್ಡ ಕಾರಿಗೆ 450, ತೆರಿಗೆ ಸೇರಿ 472 ರೂಪಾಯಿ 50 ಪೈಸೆ. ನಿಮ್ಮ ಎರಡನೆಯ ಪ್ರಯಾಣಕ್ಕೆ ಬಂದದ್ದು ಇನೋವಾ ಎಂದು ಬಿಲ್ಲಿನಲ್ಲಿದೆ, ಅದು 15 ಲಕ್ಷ ಮೀರಿದ ಗುಂಪಿನ ಕಾರು. ನೀವು ಕೊಟ್ಟ 455 ಮಿತಿಯೊಳಗೇ ಇದೆ. ಮೊದಲ ಸಲ 310 ಕೊಟ್ಟಿದ್ದಿರಿ, ಹಾಗಾಗಿ ಇದು ಮೋಸದಂತೆ ಕಂಡಿತು. ಒಂದು ಬಿಲ್ಲನ್ನು ಹಿಂದಿನ ಬಿಲ್ಲಿನ ಜೊತೆ ಹೋಲಿಸಿದರೆ ಹೀಗೆ ದಾರಿ ತಪ್ಪುತ್ತೇವೆ. ಹೋಲಿಸಬೇಕಾದದ್ದು ಸರ್ಕಾರಿ ದರದೊಂದಿಗೆ.

ಮೂರನೆಯ ಬಿಲ್ಲನ್ನು ಹತ್ತಿರದಿಂದ ನೋಡಿ. ಹತ್ತುವಾಗ ತೋರಿಸಿದ 365 ರೂಪಾಯಿ 14.3 ಕಿಲೋಮೀಟರಿಗೆ ಹಾಕಿದ ಲೆಕ್ಕ. 14.3ನ್ನು 24ರಿಂದ ಗುಣಿಸಿ 4 ಕೂಡಿಸಿದರೆ 347.20, ತೆರಿಗೆ 17.36, ಒಟ್ಟು 364.56, ಪೂರ್ಣಾಂಕಕ್ಕೆ ತಂದರೆ 365. ಇಳಿಯುವಾಗ ಬಂದ 433ನ್ನು ಹಿಂದಕ್ಕೆ ಬಿಡಿಸಿದರೆ ಕರಾರುವಾಕ್ಕಾಗಿ 17 ಕಿಲೋಮೀಟರ್ ಆಗುತ್ತದೆ. ಬಿಲ್ಲಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ 17.0 ಕಿಮೀ ಎಂದು ಬರೆದಿರುವುದನ್ನು ನೀವು ಗಮನಿಸಿಲ್ಲ. ದರ ಬದಲಾಗಲಿಲ್ಲ, ಕಾರು ಓಡಿದ ದೂರ ಬದಲಾಯಿತು. ನೀವು ಕಳುಹಿಸಿದ ನಕ್ಷೆಯಲ್ಲಿ ಆ ನೀಲಿ ಗೆರೆ ಮೆಜೆಸ್ಟಿಕ್ ದಿಕ್ಕಿಗೆ ಇಳಿಯುವ ಬದಲು ಪಶ್ಚಿಮಕ್ಕೆ ಹೊರಳಿ ಸುತ್ತಿ ಬಂದಿದೆ. ಅದಕ್ಕೆ ಕಾರಣ ಎರಡಿರಬಹುದು. ದಾರಿಯಲ್ಲಿ ವಾಹನಗಳು ಕಿಕ್ಕಿರಿದಿದ್ದರಿಂದ ನಕ್ಷೆಯೇ ಸುತ್ತುದಾರಿ ತೋರಿಸಿರಬಹುದು, ಅಥವಾ ಚಾಲಕರು ತಾವಾಗಿ ಆ ಕಡೆ ಹೋಗಿರಬಹುದು. ಮೊದಲನೆಯದಾದರೆ ಕೊಟ್ಟದ್ದು ಸರಿ. ಎರಡನೆಯದಾದರೆ ಹೆಚ್ಚುವರಿ 68 ರೂಪಾಯಿ ವಾಪಸು ಕೇಳಬಹುದು, ಮತ್ತು ನಕ್ಷೆಯ ಗೆರೆ ಇರುವುದರಿಂದ ಆ್ಯಪ್‌ನ ಸಹಾಯ ವಿಭಾಗದಲ್ಲಿ ಇಂಥ ದೂರು ಸಾಮಾನ್ಯವಾಗಿ ಬೇಗ ಬಗೆಹರಿಯುತ್ತದೆ. ಇನ್ನು ಮುಂದೆ ಕಾರು ಹೊರಟ ಕೂಡಲೇ ನಿಮ್ಮ ಮೊಬೈಲಿನಲ್ಲೂ ನಕ್ಷೆ ತೆರೆದಿಟ್ಟುಕೊಳ್ಳಿ. ಗೆರೆ ಬಿಟ್ಟು ಹೊರಳಿದರೆ ಆಗಲೇ ಕೇಳಿ: "ಈ ಕಡೆ ಯಾಕೆ ಹೋಗುತ್ತಿದ್ದೀರಿ, ಆ ಕಡೆ ಜಾಮ್ ಇದೆಯೇ?" ಚಾಲಕರಿಗೆ ಕಾರಣವಿದ್ದರೆ ಹೇಳುತ್ತಾರೆ. ಇಳಿದ ಮೇಲೆ ಜಗಳವಾಡುವುದಕ್ಕಿಂತ ಹೊರಳುವಾಗ ಕೇಳುವ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ.

ಹೋಗುವ ಮುನ್ನ ತೋರಿಸಿದ ಮೊತ್ತ ಬದಲಾಗಲು ಇನ್ನೂ ಸಣ್ಣ ಸಣ್ಣ ಕಾರಣಗಳಿರುತ್ತವೆ. ಹತ್ತುವ ಜಾಗದ ಗುರುತನ್ನು ನಿಲ್ದಾಣದ ಒಂದು ಬದಿಯಲ್ಲಿ ಇಟ್ಟು ನಿಂತದ್ದು ಇನ್ನೊಂದು ಬದಿಯಲ್ಲಿ, ಮಧ್ಯೆ ಔಷಧಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲಿಸಿದ್ದು, ಇಳಿದ ಮೇಲೂ ಚಾಲಕರು ಪ್ರಯಾಣವನ್ನು ಮುಗಿಸದೆ ನೂರು ಮೀಟರ್ ಮುಂದೆ ಹೋದದ್ದು. ಕಾರಿನಿಂದ ಇಳಿಯುವ ಮೊದಲೇ ಪ್ರಯಾಣ ಮುಗಿಯಿತೆಂದು ನಿಮ್ಮ ಪರದೆಯಲ್ಲಿ ಬಂದಿದೆಯೇ ನೋಡಿಕೊಳ್ಳಿ.

ಇನ್ನು 628. ಸಂಜೆ ಆರೂವರೆ, ಮಳೆ, ಸಣ್ಣ ಕಾರು, 14 ಕಿಲೋಮೀಟರ್. ಬಿಲ್ಲಿನಲ್ಲಿ ಎರಡೇ ಸಾಲುಗಳಿವೆ: 'ಪ್ರಯಾಣ ಶುಲ್ಕ 598', 'ತೆರಿಗೆ 30'. ಕನಿಷ್ಠ ದರ ಎಷ್ಟು, ಕಿಲೋಮೀಟರಿಗೆ ಎಷ್ಟು, ಕಾದದ್ದಕ್ಕೆ ಎಷ್ಟು ಎಂಬ ವಿವರ ಏನೂ ಇಲ್ಲ. ಬೇಡಿಕೆ ಹೆಚ್ಚಾಗಿತ್ತು ಎಂಬ ಮಾತೂ ಇಲ್ಲ. 340 ಇರಬೇಕಾದಲ್ಲಿ 598, ಅಂದರೆ ಹೆಚ್ಚೂಕಡಿಮೆ ಒಂದೂ ಮುಕ್ಕಾಲು ಪಟ್ಟು. ಇದನ್ನೇ ಸರ್ಜ್ ದರ ಎನ್ನುವುದು.

ಸರ್ಜ್ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ನಿಮ್ಮ ತಂಗಿಯ ಮೊಬೈಲಿನ ಒಗಟೂ ಅರ್ಧ ಬಿಡಿಸಿಕೊಳ್ಳುತ್ತದೆ. ಆ್ಯಪ್ ಕಂಪನಿಗಳು ಊರಿನ ನಕ್ಷೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿಕೊಂಡಿರುತ್ತವೆ. ಊಬರ್ ಕಂಪನಿಯ ನಕ್ಷೆಯಲ್ಲಿ ಅವು ಜೇನುಗೂಡಿನ ಕೋಣೆಗಳಂತೆ ಆರು ಬದಿಯವು. ಪ್ರತಿ ಕೋಣೆಯಲ್ಲಿ ಈ ಕ್ಷಣಕ್ಕೆ ಎಷ್ಟು ಜನ ಆ್ಯಪ್ ತೆರೆದಿದ್ದಾರೆ, ಎಷ್ಟು ಕಾರುಗಳು ಖಾಲಿ ಇವೆ ಎಂದು ಯಂತ್ರ ಎಣಿಸುತ್ತಲೇ ಇರುತ್ತದೆ. ಜನ ಹೆಚ್ಚಾಗಿ ಕಾರು ಕಡಿಮೆಯಾದರೆ ಆ ಕೋಣೆಯ ದರ ಏರುತ್ತದೆ. ಶಿವಮೊಗ್ಗದ ರೈಲು ಬಂದು ನಿಂತಾಗ ಏನಾಗುತ್ತದೆಂದು ಯೋಚಿಸಿ. ಐದು ನಿಮಿಷದೊಳಗೆ ನೂರಾರು ಜನ ಒಂದೇ ಜಾಗದಲ್ಲಿ ನಿಂತು ಮೊಬೈಲು ತೆರೆಯುತ್ತಾರೆ. ಯಂತ್ರಕ್ಕೆ ಅದು ನೂಕುನುಗ್ಗಲು. ಆ ಗುಂಪಿನಲ್ಲಿ ರೋಗಿಯೊಬ್ಬರು ಗಾಲಿಕುರ್ಚಿಯಲ್ಲಿ ಕುಳಿತು ನೆನೆಯುತ್ತಿದ್ದಾರೆಂದು ಅದಕ್ಕೆ ಕಾಣುವುದಿಲ್ಲ. 2014ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬಂದೂಕುಧಾರಿಯೊಬ್ಬ ಕೆಫೆಯಲ್ಲಿದ್ದವರನ್ನು ಒತ್ತೆಯಾಳಾಗಿ ಹಿಡಿದಾಗ, ಜನ ನಗರದ ಮಧ್ಯಭಾಗ ಬಿಟ್ಟು ಓಡಲು ಕಾರು ಹುಡುಕಿದರು. ಊಬರ್‌ನ ದರ ನಾಲ್ಕು ಪಟ್ಟಿನವರೆಗೆ ಏರಿತು. ದೇಶವೇ ಸಿಟ್ಟಿಗೆದ್ದ ಮೇಲೆ ಕಂಪನಿ ಹಣ ಹಿಂದಿರುಗಿಸಿ, ಉಚಿತ ಪ್ರಯಾಣ ಕೊಟ್ಟಿತು. ಜನ ಏಕೆ ಗುಂಪುಗೂಡಿದ್ದಾರೆಂದು ಲೆಕ್ಕ ಹಾಕುವ ಯಂತ್ರಕ್ಕೆ ತಿಳಿಯದು. ಅದನ್ನು ತಿಳಿದು ಮಿತಿ ಹಾಕಲೆಂದೇ ಸರ್ಕಾರ ಇರುವುದು.

ಈಗ ಕಾನೂನಿನ ಗಂಟು. ಕೇಂದ್ರ ಸರ್ಕಾರ 2020ರ ನವೆಂಬರಿನಲ್ಲಿ ಆ್ಯಪ್ ಕಂಪನಿಗಳಿಗೆ ಮಾರ್ಗಸೂಚಿ ಹೊರಡಿಸಿ, ಮೂಲ ದರದ ಒಂದೂವರೆ ಪಟ್ಟಿನವರೆಗೆ ಸರ್ಜ್ ಹಾಕಬಹುದೆಂದಿತು. 2025ರ ಜುಲೈ 1ರ ಹೊಸ ಮಾರ್ಗಸೂಚಿ ಅದನ್ನು ಎರಡು ಪಟ್ಟಿಗೆ ಏರಿಸಿತು. ಕಡಿಮೆ ಮಾಡುವುದಾದರೆ ಮೂಲ ದರದ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದೂ ಹೇಳಿತು. ನಿಮ್ಮ ದೂರಿಗೆ ಕಂಪನಿ ಉತ್ತರಿಸಿದರೆ ಇದನ್ನೇ ಮುಂದಿಡುತ್ತದೆ: 340ರ ಎರಡು ಪಟ್ಟು 680, ನಾವು ತೆಗೆದುಕೊಂಡದ್ದು 598 ಮಾತ್ರ ಎಂದು. ನೀವು ಅಲ್ಲಿಗೇ ಸುಮ್ಮನಾಗಬೇಡಿ. ಮಾರ್ಗಸೂಚಿಯು ರಾಜ್ಯಗಳು ತಮ್ಮಲ್ಲಿ ಅಳವಡಿಸಿಕೊಳ್ಳಲೆಂದು ಕೇಂದ್ರ ಕೊಟ್ಟ ಚೌಕಟ್ಟು. ಬಾಡಿಗೆ ನಿಗದಿ ರಾಜ್ಯದ ಅಧಿಕಾರ. ಕರ್ನಾಟಕದ 2024ರ ಆದೇಶ ಹೇಳಿರುವುದು ಏಕರೂಪ ದರವನ್ನು. ಅದರಲ್ಲಿ ಕಾಯುವ ಶುಲ್ಕವಿದೆ, ರಾತ್ರಿ ಶುಲ್ಕವಿದೆ, ಮಳೆ ಶುಲ್ಕ ಎಂಬುದಿಲ್ಲ. ನಿಮ್ಮ ವಾದ ನಿಲ್ಲುವುದು ಈ ಆದೇಶದ ಮೇಲೆ.

ನನ್ನ ಅಭಿಪ್ರಾಯವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಮಳೆಯಲ್ಲಿ ಬರುವ ಚಾಲಕರಿಗೆ ಸ್ವಲ್ಪ ಹೆಚ್ಚು ಸಿಗುವುದರಲ್ಲಿ ತಪ್ಪಿಲ್ಲ. ಆದರೆ ಎಷ್ಟು ಹೆಚ್ಚು, ಯಾವ ಕಾರಣಕ್ಕೆ, ಅದರಲ್ಲಿ ಚಾಲಕರಿಗೆ ಸಿಕ್ಕಿದ್ದೆಷ್ಟು ಎಂಬ ಮೂರನ್ನೂ ಮುಚ್ಚಿಟ್ಟು 'ಪ್ರಯಾಣ ಶುಲ್ಕ' ಎಂಬ ಒಂದೇ ಸಾಲಿನಲ್ಲಿ ತೋರಿಸುವುದು ದೊಡ್ಡ ತಪ್ಪು. ಟ್ಯಾಕ್ಸಿ ಎಂಬ ಹೆಸರೇ ಮೀಟರಿನಿಂದ ಬಂದದ್ದು. 1891ರಲ್ಲಿ ಜರ್ಮನಿಯ ಫ್ರೀಡ್ರಿಶ್ ಬ್ರೂನ್ ಟ್ಯಾಕ್ಸಿಮೀಟರ್ ಮಾಡಿದ್ದು ಪ್ರಯಾಣಿಕ ಮತ್ತು ಗಾಡಿಯವನ ನಡುವಿನ ಚೌಕಾಸಿಯನ್ನು ತಪ್ಪಿಸಲು. ನಮ್ಮ ಆಟೋಗಳಲ್ಲಿ ಇವತ್ತಿಗೂ ಮೀಟರಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷೆ ಮಾಡಿ ತಂತಿ ಸುತ್ತಿ ಸೀಸದ ಮುದ್ರೆ ಹಾಕುತ್ತಾರೆ. ಅದು ಹೆಬ್ಬೆರಳಿನ ಉಗುರಿನಷ್ಟು ಸಣ್ಣದು. ಆ ಮುದ್ರೆ ಒಡೆದಿದ್ದರೆ ಮೀಟರ್ ತಿರುಚಿದ್ದಾರೆಂದು ನಾವು ತಪಾಸಣೆಯಲ್ಲಿ ಮೊದಲ ನೋಟಕ್ಕೇ ಹೇಳುತ್ತಿದ್ದೆವು. ಅಂಕಿ ಓಡುವುದು ಹಿಂದೆ ಕುಳಿತವರಿಗೂ ಮುಂದೆ ಕುಳಿತವರಿಗೂ ಒಟ್ಟಿಗೇ ಕಾಣುತ್ತಿತ್ತು. ಆ್ಯಪ್‌ನ ಮೀಟರು ಇಬ್ಬರಿಗೂ ಕಾಣುವುದಿಲ್ಲ. ಅದಕ್ಕೆ ಮುದ್ರೆಯೂ ಇಲ್ಲ.

ತಂಗಿಯ ಮೊಬೈಲಿನ ವಿಷಯ. ಒಂದೇ ಪ್ರಯಾಣಕ್ಕೆ ಐಫೋನಿನಲ್ಲಿ ಒಂದು ದರ, ಆಂಡ್ರಾಯ್ಡ್ ಫೋನಿನಲ್ಲಿ ಇನ್ನೊಂದು ದರ ಬರುತ್ತಿದೆ ಎಂಬ ದೂರುಗಳ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಜನವರಿಯಲ್ಲಿ ಓಲಾ ಮತ್ತು ಊಬರ್ ಕಂಪನಿಗಳಿಗೆ ನೋಟಿಸು ಕೊಟ್ಟಿತು. ಆಗ ಗ್ರಾಹಕ ವ್ಯವಹಾರಗಳ ಸಚಿವರಾಗಿದ್ದವರು ಧಾರವಾಡದ ಪ್ರಲ್ಹಾದ ಜೋಶಿಯವರು. ಫೋನಿನ ಮಾದರಿ ನೋಡಿ ದರ ಹಾಕುವುದಿಲ್ಲ ಎಂದು ಎರಡೂ ಕಂಪನಿಗಳು ಉತ್ತರಿಸಿದವು. 40 ರೂಪಾಯಿ ವ್ಯತ್ಯಾಸಕ್ಕೆ ಬೇರೆ ಕಾರಣಗಳೂ ಸಾಲುತ್ತವೆ. ನೀವಿಬ್ಬರೂ ಆ್ಯಪ್ ತೆರೆದದ್ದರಲ್ಲಿ ಅರ್ಧ ನಿಮಿಷದ ಅಂತರವಿದ್ದರೂ ಸರ್ಜ್ ಬದಲಾಗಿರಬಹುದು. ತಂಗಿಯ ಖಾತೆಯಲ್ಲಿ ರಿಯಾಯಿತಿ ಕೂಪನ್ ಇದ್ದಿರಬಹುದು. ಹತ್ತುವ ಜಾಗದ ಗುರುತು ನಿಲ್ದಾಣದ ಬೇರೆ ಬದಿಯಲ್ಲಿ ಬಿದ್ದಿರಬಹುದು. ಪರೀಕ್ಷಿಸಬೇಕೆಂದರೆ ಇಬ್ಬರೂ ಹತ್ತುವ, ಇಳಿಯುವ ಜಾಗದ ಹೆಸರನ್ನು ಅಕ್ಷರ ಅಕ್ಷರವಾಗಿ ಒಂದೇ ರೀತಿ ಬರೆದು, ಒಂದೇ ಮಾದರಿಯ ಕಾರು ಆರಿಸಿ, ಒಂದೇ ಕ್ಷಣದಲ್ಲಿ ಪರದೆಯ ಚಿತ್ರ ತೆಗೆಯಿರಿ. ಗಡಿಯಾರದ ಸಮಯ ಚಿತ್ರದಲ್ಲಿ ಕಾಣುವಂತಿರಲಿ. ಮೂರು ನಾಲ್ಕು ಸಲವೂ ಒಂದೇ ಫೋನಿನಲ್ಲಿ ಹೆಚ್ಚು ಬಂದರೆ ಅದು ದೂರಿಗೆ ಯೋಗ್ಯವಾದ ಸಾಕ್ಷ್ಯ.

ಬಿಟ್ಟುಹೋದ 310ರ ವಿಷಯಕ್ಕೆ ಬರುತ್ತೇನೆ. ಇದನ್ನು ಓದುಗರು ಕೇಳುವುದಿಲ್ಲ, ಆದರೆ ಇದನ್ನು ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ. ಆ ದಿನ ನೀವು ಸರ್ಕಾರಿ ದರಕ್ಕಿಂತ 47 ರೂಪಾಯಿ ಕಡಿಮೆ ಕೊಟ್ಟಿರಿ. ಆ ನಷ್ಟ ಬಿದ್ದದ್ದು ಬಹುಪಾಲು ಚಾಲಕರ ತಲೆಯ ಮೇಲೆ. ಕೆಲವು ತಿಂಗಳ ಹಿಂದೆ ಯಶವಂತಪುರದಲ್ಲೇ ಚಹಾ ಅಂಗಡಿಯ ಮುಂದೆ ಒಬ್ಬ ಚಾಲಕರ ಜೊತೆ ನಿಂತಿದ್ದೆ. ಆಗತಾನೆ ಬಾಡಿಗೆ ಮುಗಿಸಿ ಬಂದಿದ್ದರು. ಪ್ರಯಾಣಿಕರು ಕೊಟ್ಟದ್ದು 420 ರೂಪಾಯಿ, ತೆರಿಗೆ ತೆಗೆದರೆ 400. ಅವರು ತಮ್ಮ ಮೊಬೈಲು ನನ್ನ ಕೈಗಿಟ್ಟರು, ಅದರ ಗಾಜು ಒಂದು ಮೂಲೆಯಲ್ಲಿ ಒಡೆದಿತ್ತು. ಅವರ ಖಾತೆಗೆ ಬಂದದ್ದು 296. ಆ ಬಾಡಿಗೆ ಹಿಡಿಯಲು ಅವರು ನಾಲ್ಕು ಕಿಲೋಮೀಟರ್ ಖಾಲಿ ಓಡಿ ಬಂದಿದ್ದರು. "ಸರ್, ಜನ ನಮ್ಮನ್ನು ಕಳ್ಳರೆಂದು ನೋಡುತ್ತಾರೆ. ನನ್ನ ಪರದೆಯಲ್ಲಿ ಇರುವುದು ಅವರಿಗೆ ಕಾಣುವುದಿಲ್ಲ, ಅವರ ಪರದೆಯಲ್ಲಿರುವುದು ನನಗೆ ಕಾಣುವುದಿಲ್ಲ" ಎಂದರು. ಸ್ವಂತ ಕಾರು ಓಡಿಸುವ ಚಾಲಕರಿಗೆ ಬಾಡಿಗೆಯ ಕನಿಷ್ಠ ಶೇ 80 ಸಲ್ಲಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಆ ಲೆಕ್ಕದಲ್ಲಿ ಅವರಿಗೆ 320 ಸಿಗಬೇಕಿತ್ತು.

ನಿಲ್ದಾಣದ ಮುಂದೆ ಚಾಲಕರು ಕರೆ ಮಾಡಿ "ಡ್ರಾಪ್ ಎಲ್ಲಿಗೆ? ಕ್ಯಾಷೋ ಆನ್‌ಲೈನೋ? ಮೇಲೆ ನೂರು ಕೊಡುತ್ತೀರಾ?" ಎಂದು ಕೇಳುವುದು ಈ ಬೇರಿನಿಂದಲೇ ಹುಟ್ಟಿದ ರೋಗ. ಕೇಳುವುದು ಸರಿಯಲ್ಲ, ನೀವು ಕೊಡಬೇಕಾಗಿಯೂ ಇಲ್ಲ. ಒಪ್ಪದಿದ್ದರೆ ಅವರು ನಿಮ್ಮಿಂದಲೇ ರದ್ದು ಮಾಡಿಸಲು ನೋಡುತ್ತಾರೆ. ನೀವು ಒತ್ತಬೇಡಿ, ರದ್ದತಿ ಶುಲ್ಕ ನಿಮ್ಮ ಮೇಲೆ ಬರುತ್ತದೆ. 2025ರ ಮಾರ್ಗಸೂಚಿಯ ಪ್ರಕಾರ ಸರಿಯಾದ ಕಾರಣವಿಲ್ಲದೆ ರದ್ದು ಮಾಡಿದವರು, ಚಾಲಕರೇ ಇರಲಿ ಪ್ರಯಾಣಿಕರೇ ಇರಲಿ, ಬಾಡಿಗೆಯ ಶೇ 10, ಹೆಚ್ಚೆಂದರೆ 100 ರೂಪಾಯಿ ದಂಡ ತೆರಬೇಕು. ಪ್ರಯಾಣಕ್ಕೆ ಮುಂಚೆಯೇ 'ಟಿಪ್ಸ್ ಸೇರಿಸಿದರೆ ಬೇಗ ಕಾರು ಸಿಗುತ್ತದೆ' ಎಂದು ಆ್ಯಪ್ ಕೇಳುವುದೂ ಇದೇ ಬಗೆಯದು. ಈ ಬಗ್ಗೆಯೂ 2025ರ ಮೇ ತಿಂಗಳಲ್ಲಿ ಪ್ರಾಧಿಕಾರವು ಊಬರ್‌ಗೆ ನೋಟಿಸು ಕೊಟ್ಟಿತ್ತು. ಸೇವೆ ಪಡೆದ ಮೇಲೆ ಮೆಚ್ಚಿ ಕೊಡುವುದು ಟಿಪ್ಸ್, ಮೊದಲೇ ಕೊಡುವುದು ಹರಾಜು ಕೂಗಿದಂತೆ.

ಇತ್ತೀಚೆಗೆ ಇನ್ನೊಂದು ಬದಲಾವಣೆ ಆಗಿದೆ, ವಿಶೇಷವಾಗಿ ಆಟೋಗಳಲ್ಲಿ. 2022ರಲ್ಲಿ ಬೆಂಗಳೂರಿನ ಆಟೋ ಚಾಲಕರ ಸಂಘದ ಬೆಂಬಲದಿಂದ ಬಂದ 'ನಮ್ಮ ಯಾತ್ರಿ' ಕಮಿಷನ್ ಬಿಟ್ಟು, ಚಾಲಕರಿಂದ ಸಣ್ಣ ದಿನಶುಲ್ಕ ಪಡೆಯುವ ದಾರಿ ಹಿಡಿಯಿತು. ಬಾಡಿಗೆ ನೇರವಾಗಿ ಚಾಲಕರ ಕೈಗೆ ಹೋಗುತ್ತದೆ. ಆಮೇಲೆ ದೊಡ್ಡ ಕಂಪನಿಗಳೂ ಆಟೋಗಳಿಗೆ ಇದೇ ಪದ್ಧತಿಗೆ ಬಂದವು. ಚಾಲಕರಿಗೆ ಇದರಿಂದ ನಿಜವಾಗಿ ಒಳ್ಳೆಯದಾಗಿದೆ. ಪ್ರಯಾಣಿಕರು ಮಾತ್ರ ಒಂದು ಸೂಕ್ಷ್ಮ ಗಮನಿಸಬೇಕು. ಈ ಪದ್ಧತಿಯಲ್ಲಿ ಪರದೆಯ ಮೇಲಿನ ಮೊತ್ತ ಬರಿಯ ಸಲಹೆ, ಅಂತಿಮ ಬಾಡಿಗೆ ನಿಮ್ಮ ಮತ್ತು ಚಾಲಕರ ನಡುವಿನ ಮಾತು ಎಂದು ಕಂಪನಿ ಕೈ ತೊಳೆದುಕೊಳ್ಳಬಹುದು. ಆದ್ದರಿಂದ ಕುಳಿತುಕೊಳ್ಳುವ ಮೊದಲೇ "ಇದರಲ್ಲಿ ತೋರಿಸಿದಷ್ಟೇ ಅಲ್ಲವೇ?" ಎಂದು ಕೇಳಿಕೊಳ್ಳಿ.

ಆಟೋದ ದರ ಗೊತ್ತಿದ್ದರೆ ಒಳ್ಳೆಯದು. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಬಾಯಿಲೆಕ್ಕ ಇನ್ನೂ ಸುಲಭ, ಕಿಲೋಮೀಟರನ್ನು 18ರಿಂದ ಗುಣಿಸಿದರೆ ಮುಗಿಯಿತು. ಜಯನಗರಕ್ಕೆ 252. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು, ಅಂದರೆ 378. ಟ್ಯಾಕ್ಸಿಯ ರಾತ್ರಿ 12ಕ್ಕೆ ಶುರುವಾಗಿ 6ಕ್ಕೆ ಮುಗಿಯುತ್ತದೆ, ಆಟೋದ ರಾತ್ರಿ 10ಕ್ಕೆ ಶುರುವಾಗಿ 5ಕ್ಕೆ ಮುಗಿಯುತ್ತದೆ. ಬೆಳಗಿನ ಜಾವದ ರೈಲಿನಲ್ಲಿ ಬರುವವರಿಗೆ ಈ ವ್ಯತ್ಯಾಸದಲ್ಲಿ ನೂರು ರೂಪಾಯಿಯೂ ಹೆಚ್ಚುಕಡಿಮೆ ಆಗಬಹುದು. ಐದೂಕಾಲಿಗೆ ಆಟೋ ಹಿಡಿದರೆ ಮೀಟರಿನಷ್ಟೇ, 'ಒಂದೂವರೆ ಮೀಟರ್' ಕೇಳುವಂತಿಲ್ಲ. ಆ್ಯಪ್‌ನಲ್ಲಿ ಆಟೋ ಕರೆಸಿದರೆ ಶೇ 5 ಸೇವಾ ಶುಲ್ಕ ಮತ್ತು ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಸೇರಿಸಲು ರಾಜ್ಯ ಸರ್ಕಾರ 2022ರ ನವೆಂಬರಿನಲ್ಲಿ ಒಪ್ಪಿದೆ. ಹೈಕೋರ್ಟಿನ ಏಕಸದಸ್ಯ ಪೀಠ 2024ರ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು. ಆಗ 252 ಸುಮಾರು 278 ಆಗುತ್ತದೆ.

ಒಂದು ಸಲಹೆ ನೀವು ಕೇಳದಿದ್ದರೂ ಕೊಡುತ್ತೇನೆ. ಯಶವಂತಪುರದಿಂದ ಜಯನಗರಕ್ಕೆ ಮೆಟ್ರೊದ ಹಸಿರು ಮಾರ್ಗ ನೇರವಾಗಿ ಹೋಗುತ್ತದೆ, ಎಲ್ಲೂ ಬದಲಾಯಿಸಬೇಕಾಗಿಲ್ಲ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಗಾಲಿಕುರ್ಚಿ ಒಳಗೆ ಹೋಗುತ್ತದೆ. ತಾಯಿಗೆ ಸುಸ್ತಿಲ್ಲದ ದಿನ, ಮಳೆ ಬಂದು ದರ ಏರಿದ ಹೊತ್ತಿನಲ್ಲಿ, ಇದನ್ನು ಯೋಚಿಸಬಹುದು. ಟ್ಯಾಕ್ಸಿಯೇ ಬೇಕೆಂದಾದರೆ ರೈಲು ಇಳಿದ ತಕ್ಷಣ ಆ್ಯಪ್ ತೆರೆಯಬೇಡಿ. ತಾಯಿಯನ್ನು ನೆರಳಿನಲ್ಲಿ ಕೂರಿಸಿ ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಡಿ. ಗುಂಪು ಕರಗಿದಂತೆ ದರವೂ ಇಳಿಯುತ್ತದೆ. ನಿಲ್ದಾಣಕ್ಕೆ ಎರಡು ಬದಿಯ ದ್ವಾರಗಳಿವೆ, ಒಂದು ಬದಿಯಲ್ಲಿ ಏರಿದ ದರ ಇನ್ನೊಂದು ಬದಿಯಲ್ಲಿ ಇಲ್ಲದಿರಬಹುದು. ಗುರುತನ್ನು ಸರಿಸಿ ನೋಡಿ.

ಇನ್ನು 628ರ ದೂರು. ಮೊದಲು ಆ್ಯಪ್‌ನ ಸಹಾಯ ವಿಭಾಗದಲ್ಲಿ ಆ ಪ್ರಯಾಣವನ್ನೇ ತೆರೆದು ಬರೆಯಿರಿ. ಬೇರೆ ಕಡೆ ಬರೆದ ದೂರು ಯಾವ ಪ್ರಯಾಣಕ್ಕೆ ಸೇರಿದ್ದೆಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಯಂತ್ರ ಕಳುಹಿಸುವ ಸಿದ್ಧ ಉತ್ತರಕ್ಕೆ ತೃಪ್ತರಾಗದೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ಅವರ ವಿಳಾಸ ಆ್ಯಪ್‌ನ ಕಾನೂನು ಪುಟದಲ್ಲಿ ಇರುತ್ತದೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದರ ಜೊತೆಗೆ ಪ್ರಾದೇಶಿಕ ಸಾರಿಗೆ ಕಚೇರಿಗೂ ಲಿಖಿತ ದೂರು ಕೊಡಿ, ಏಕೆಂದರೆ ಈ ಕಂಪನಿಗಳಿಗೆ ಪರವಾನಗಿ ಕೊಡುವುದು ಸಾರಿಗೆ ಇಲಾಖೆಯೇ, 2016ರ ರಾಜ್ಯ ನಿಯಮಗಳ ಅಡಿಯಲ್ಲಿ. ದೂರಿನಲ್ಲಿ ಚಾಲಕರ ಹೆಸರನ್ನು ಮುಂದೆ ಮಾಡಬೇಡಿ. ಆ 598ನ್ನು ನಿಗದಿ ಮಾಡಿದ್ದು ಅವರಲ್ಲ.

ಇವೆಲ್ಲದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 271 ರೂಪಾಯಿಗೆ ಬೆಂಗಳೂರಿಗೆ ಅಲೆಯುವುದೇ ಎಂದು ನೀವು ಕೇಳಬಹುದು. ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಊರಿನ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕಂಪನಿಯ ಕಚೇರಿ ಎಲ್ಲಿದ್ದರೂ ನಿಮ್ಮ ದೂರನ್ನು ಶಿವಮೊಗ್ಗದಲ್ಲೇ ಕೇಳುತ್ತಾರೆ. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲಿ 'ಇ-ಜಾಗೃತಿ' ಮೂಲಕವೂ ಸಲ್ಲಿಸಬಹುದು. ಘಟನೆಯಿಂದ ಎರಡು ವರ್ಷದೊಳಗೆ ಸಲ್ಲಿಸಿದರೆ ಸಾಕು.

ಎಲ್ಲ ಕಡೆಗೂ ಒಂದೇ ಒಕ್ಕಣೆ ಇರಲಿ. ಹೀಗೆ ಬರೆಯಿರಿ: "ಯಶವಂತಪುರ ರೈಲು ನಿಲ್ದಾಣದಿಂದ ಜಯನಗರಕ್ಕೆ 14 ಕಿಲೋಮೀಟರ್ ಪ್ರಯಾಣ ಮಾಡಿದ್ದೇವೆ. ಬಂದ ವಾಹನ 10 ಲಕ್ಷ ರೂಪಾಯಿಗಿಂತ ಕಡಿಮೆ ಬೆಲೆಯದು. ಕರ್ನಾಟಕ ಸಾರಿಗೆ ಇಲಾಖೆಯ ಫೆಬ್ರವರಿ 2024ರ ಆದೇಶದಂತೆ ಬಾಡಿಗೆ 340 ರೂಪಾಯಿ, ತೆರಿಗೆ 17 ರೂಪಾಯಿ, ಒಟ್ಟು 357 ರೂಪಾಯಿ. ನಮ್ಮಿಂದ ಪಡೆದದ್ದು 628 ರೂಪಾಯಿ. ಹೆಚ್ಚುವರಿ 271 ರೂಪಾಯಿಯನ್ನು ಹಿಂದಿರುಗಿಸಿ, 598 ರೂಪಾಯಿಯ ಪ್ರಯಾಣ ಶುಲ್ಕವನ್ನು ಯಾವ ಲೆಕ್ಕದಲ್ಲಿ ಹಾಕಿದಿರೆಂದು ಸಾಲುವಾರು ತಿಳಿಸಿ." ದಿನಾಂಕ, ಸಮಯ, ಪ್ರಯಾಣದ ಸಂಖ್ಯೆ, ವಾಹನದ ಸಂಖ್ಯೆ ಕೆಳಗೆ ಬರೆಯಿರಿ. ಬಿಲ್ಲು ಮತ್ತು ನಕ್ಷೆಯ ಚಿತ್ರ ಲಗತ್ತಿಸಿ. ತಂಗಿಯ ಮೊಬೈಲಿನ ಪರದೆಯ ಚಿತ್ರವಿದ್ದರೆ ಅದನ್ನೂ ಸೇರಿಸಿ. ಆ್ಯಪ್ ಬದಲಾಯಿಸುವ ಅಥವಾ ಹೊಸ ಫೋನು ಕೊಳ್ಳುವ ಯೋಚನೆಯಿದ್ದರೆ ಅದಕ್ಕೆ ಮುಂಚೆ ಎಲ್ಲ ಬಿಲ್ಲುಗಳನ್ನೂ ಇಮೇಲಿಗೆ ಕಳುಹಿಸಿಕೊಳ್ಳಿ. ಕಂಪನಿಯಿಂದ ಸಾಲುವಾರು ಲೆಕ್ಕ ಬಂದರೆ ನನಗೂ ಒಂದು ಪ್ರತಿ ಕಳುಹಿಸಿ, ಕೂತು ಓದಿ ಹೇಳುತ್ತೇನೆ.